ತಂತಿ ಎಟುಕುವಷ್ಟು ದೂರ

ಕಳೆದ ಮಳೆಗಾಲದಲ್ಲಿ ಮಗಳು ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಮೂರು ತಿಂಗಳು ನಮ್ಮ ಮನೆಯ ನಡುಕೋಣೆಯೇ ಬಾಣಂತಿ ಕೋಣೆಯಾಯಿತು. ಬಿಸಿನೀರಿನ ಹಂಡೆ, ಸಾಂಬ್ರಾಣಿ ಹೊಗೆ, ಎಷ್ಟು ಹರವಿದರೂ ಒಣಗದ ಬಟ್ಟೆಗಳು... ಬಾಣಂತನ ಮಾಡಿದವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಮೊಮ್ಮಗಳು ಹಗಲೆಲ್ಲ ನಿದ್ದೆ ಹೊಡೆದು ರಾತ್ರಿ ಎರಡು ಗಂಟೆಗೆ ಕಣ್ಣರಳಿಸುತ್ತಿದ್ದಳು. ಮತ್ತೆ ಮಲಗಬೇಕಾದರೆ ನಾಲ್ಕು ಗಂಟೆ. ಆ ಎರಡು ಗಂಟೆಗಳನ್ನು ಕಳೆಯಲು ನಾವಿಬ್ಬರೂ ಒಂದು ಉಪಾಯ ಕಂಡುಕೊಂಡೆವು. ಮಗಳು ತನ್ನ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು, ಸದ್ದು ಸಣ್ಣಗೆ ಮಾಡಿ ಯಾವುದಾದರೂ ಸಿನಿಮಾ ಹಾಕುತ್ತಿದ್ದಳು. ಮಗು ಅವಳ ಮಡಿಲಿನಲ್ಲಿ, ಇಲ್ಲವೇ ನನ್ನ ಕಾಲಮೇಲೆ.

ಒಂದು ರಾತ್ರಿ ಅವಳು ಹಾಕಿದ್ದು ಸಿನಿಮಾದ ಹಾಗಿರಲೇ ಇಲ್ಲ. ಪ್ಯಾರಿಸ್ಸಿನ ಒಂದು ಬೀದಿ. ಅಲ್ಲಿ ಬ್ರೆಡ್ಡು ಸುಡುವವನು, ಮಾಂಸದ ಅಂಗಡಿಯವನು, ದರ್ಜಿ, ಕ್ಷೌರಿಕ. ಬಾಗಿಲು ತೆರೆಯುತ್ತದೆ, ಗಿರಾಕಿ ಬರುತ್ತಾಳೆ, ಚಿಲ್ಲರೆ ಎಣಿಸುತ್ತಾರೆ, ಬಾಗಿಲು ಮುಚ್ಚುತ್ತದೆ. ಅಷ್ಟೇ! ನನಗೆ ಮಾತ್ರ ಕಣ್ಣು ಕೀಳಲಾಗಲಿಲ್ಲ. ಮುಗಿದ ಮೇಲೆ ಮಗಳು ಹೇಳಿದಳು: “ಅಮ್ಮಾ, ಇದನ್ನು ತೆಗೆದವಳಿಗೆ ಆಗ ಮನೆಯಲ್ಲಿ ಎರಡು ವರ್ಷದ ಮಗು ಇತ್ತಂತೆ. ಬಿಟ್ಟು ದೂರ ಹೋಗುವ ಹಾಗಿರಲಿಲ್ಲ. ಅದಕ್ಕೆ ಮನೆಯ ಕರೆಂಟಿನ ಪೆಟ್ಟಿಗೆಯಿಂದ ಒಂದು ಉದ್ದದ ವೈರು ಎಳೆದುಕೊಂಡಳಂತೆ. ಅದು ಎಷ್ಟು ದೂರ ಹೋಗುತ್ತೋ ಅಷ್ಟು ದೂರದ ಅಂಗಡಿಗಳನ್ನು ಮಾತ್ರ ಚಿತ್ರ ಮಾಡಿದಳಂತೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗುವಿನ ತಲೆ ಸವರುತ್ತಾ ಕೇಳಿದಳು: “ನೀನು ಯಾಕೆ ನಿಲ್ಲಿಸಿಬಿಟ್ಟೆ ಅಮ್ಮಾ?”

ನನಗೆ ಉತ್ತರ ಹೊಳೆಯಲಿಲ್ಲ. “ಮಗೂನ ಕೊಡು, ತೇಗಿಸ್ತೀನಿ” ಎಂದು ಮಾತು ತಪ್ಪಿಸಿದೆ.

ಅವಳು ಕೇಳಿದ್ದು ಏನನ್ನೆಂದು ನಿಮಗೆ ಹೇಳಬೇಕು. ನಮ್ಮಪ್ಪನದು ಪೇಟೆಬೀದಿಯಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ. ಗಂಡುಮಕ್ಕಳಿಲ್ಲದ ಅಪ್ಪ ನನಗೆ ಎಲ್ಲವನ್ನೂ ಕಲಿಸಿದರು. ಡಾರ್ಕ್ ರೂಮಿನ ಕೆಂಪು ದೀಪದ ಕೆಳಗೆ ಕಾಗದದ ಮೇಲೆ ಮುಖಗಳು ಮೂಡುವುದನ್ನು ನೋಡುತ್ತ ಬೆಳೆದವಳು ನಾನು. ನೆಗೆಟಿವ್‌ಗೆ ಚೂಪು ಪೆನ್ಸಿಲ್ಲಿನಲ್ಲಿ ಟಚಿಂಗ್ ಮಾಡುವುದರಲ್ಲಿ ನನ್ನ ಕೈ ಅಪ್ಪನಿಗಿಂತ ಹದವಾಗಿತ್ತು. ಹದಿನೇಳನೆಯ ಹುಟ್ಟುಹಬ್ಬಕ್ಕೆ ಅಪ್ಪ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಕೊಡಿಸಿದರು. ಒಂದು ರೋಲಿಗೆ ಹನ್ನೆರಡು ಚಿತ್ರ. ಸಂತೆಯಲ್ಲಿ ಸೊಪ್ಪು ಮಾರುವವರನ್ನು, ಬಾವಿಕಟ್ಟೆಯ ಹೆಂಗಸರನ್ನು ಹುಡುಕಿ ಹುಡುಕಿ ತೆಗೆಯುತ್ತಿದ್ದೆ. ಮದುವೆಯಾಯಿತು. ಮಗಳು ಹುಟ್ಟಿದಳು. ಕ್ಯಾಮೆರಾ ಟ್ರಂಕು ಸೇರಿತು. ಯಾರೂ ಬೇಡ ಅನ್ನಲಿಲ್ಲ, ಇದು ನಿಜ. “ಮಗು ಸ್ವಲ್ಪ ದೊಡ್ಡದಾಗಲಿ” ಎಂದು ನಾನೇ ಅಂದುಕೊಂಡೆ. ಆಮೇಲೆ ಮಗುವಿನ ಶಾಲೆ, ಅತ್ತೆಯ ಕಾಯಿಲೆ, ಮಗಳ ಪರೀಕ್ಷೆ... ಮೂವತ್ತು ವರ್ಷ ಕಳೆದು ಟ್ರಂಕು ತೆಗೆದಾಗ ಲೆನ್ಸಿಗೆ ಬೂಷ್ಟು ಹಿಡಿದಿತ್ತು.

ಆ ರಾತ್ರಿಯ ನಂತರ ನಾನು ಆ ಹೆಂಗಸಿನ ಬೆನ್ನು ಹತ್ತಿದೆ. ಸಿಕ್ಕಿದ್ದನ್ನೆಲ್ಲ ಓದಿದೆ, ಒಂದೊಂದಾಗಿ ಅವಳ ಚಿತ್ರಗಳನ್ನು ನೋಡಿದೆ. ಹೆಸರು ಆನ್ಯೆಸ್ ವಾರ್ದಾ.

ಆಕೆ ಹುಟ್ಟಿದ್ದು 1928ರ ಮೇ 30ರಂದು, ಬೆಲ್ಜಿಯಂನ ಬ್ರಸೆಲ್ಸ್ ನಗರದ ಮಗ್ಗುಲಿನ ಇಕ್ಸೆಲ್‌ನಲ್ಲಿ. ತಂದೆ ಗ್ರೀಕ್ ಮೂಲದವರು, ತಾಯಿ ಫ್ರಾನ್ಸಿನವರು. ಐವರು ಮಕ್ಕಳಲ್ಲಿ ನಡುವಿನವಳು. ಮನೆಯವರು ಇಟ್ಟ ಹೆಸರು ಆರ್ಲೆತ್. ಹದಿನೆಂಟು ತುಂಬಿದಾಗ ಹುಡುಗಿ ತಾನೇ ಕಾನೂನುಬದ್ಧವಾಗಿ ಹೆಸರನ್ನು ಆನ್ಯೆಸ್ ಎಂದು ಬದಲಾಯಿಸಿಕೊಂಡಳು. ಮದುವೆಯಾದ ಮರುದಿನವೇ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿಕೊಂಡ ನಮ್ಮ ಅಜ್ಜಿಯಂದಿರು ನೆನಪಾದರು. ಅವರ ಹೆಸರು ಬದಲಾದದ್ದು ಬೇರೆಯವರ ಇಷ್ಟಕ್ಕೆ. ಇವಳದು ತನ್ನ ಇಷ್ಟಕ್ಕೆ!

1940ರಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿದಾಗ ಕುಟುಂಬ ದಕ್ಷಿಣ ಫ್ರಾನ್ಸಿನ ಸೆತ್ ಎಂಬ ಬಂದರು ಊರಿಗೆ ಓಡಿಬಂತು. ಅಲ್ಲಿ ಅವರ ವಾಸ ದಡಕ್ಕೆ ಕಟ್ಟಿದ ಒಂದು ದೋಣಿಯಲ್ಲಿ. ಮುಂದೆ ಪ್ಯಾರಿಸ್ಸಿನಲ್ಲಿ ಕಲೆಯ ಇತಿಹಾಸ ಓದಿದಳು, ಛಾಯಾಗ್ರಹಣ ಕಲಿತಳು. ನಡುವೆ ಒಮ್ಮೆ ಮನೆಯಿಂದ ಹೊರಟು ಕಾರ್ಸಿಕಾ ದ್ವೀಪಕ್ಕೆ ಹೋಗಿ, ಬೆಸ್ತರ ಜೊತೆ ಬಲೆ ಹೆಣೆಯುವ ಕೆಲಸ ಮಾಡಿ ಬಂದಳಂತೆ. ನಂತರ ಜಾನ್ ವಿಲಾರ್ ಎಂಬ ದೊಡ್ಡ ರಂಗಕರ್ಮಿಯ ನಾಟಕ ತಂಡಕ್ಕೆ ಛಾಯಾಗ್ರಾಹಕಿಯಾದಳು. 1951ರಲ್ಲಿ ಪ್ಯಾರಿಸ್ಸಿನ ದಗೇರ್ ಬೀದಿಯಲ್ಲಿ ಪಾಳುಬಿದ್ದ ಎರಡು ಅಂಗಡಿಗಳೂ ನಡುವೆ ಒಂದು ಅಂಗಳವೂ ಇದ್ದ ಜಾಗಕ್ಕೆ ಬಂದು ನೆಲೆಸಿದಳು. ಫೋಟೋಗ್ರಫಿಯ ಆರಂಭದ ವಿಧಾನವೊಂದನ್ನು 1839ರಲ್ಲಿ ಜಗತ್ತಿಗೆ ಕೊಟ್ಟ ಲೂಯಿ ದಗೇರ್‌ನ ಹೆಸರು ಆ ಬೀದಿಗೆ! ಮನೆ, ಡಾರ್ಕ್ ರೂಮು, ಆಮೇಲೆ ಸಿನಿಮಾ ಕಂಪನಿ, ಸಂಕಲನದ ಕೋಣೆ ಎಲ್ಲವೂ ಅಲ್ಲೇ. ತನ್ನ ಮೊದಲ ಛಾಯಾಚಿತ್ರ ಪ್ರದರ್ಶನವನ್ನೂ 1954ರಲ್ಲಿ ಅದೇ ಅಂಗಳದಲ್ಲಿ ಮಾಡಿದಳು. ಅರವತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ವಿಳಾಸ ಬದಲಾಗಲಿಲ್ಲ.

ಆಕೆ ಚಿತ್ರ ನಿರ್ದೇಶಕಿಯಾದ ಕಥೆ ವಿಚಿತ್ರ. ಸೆತ್ ಊರಿನ ಬೆಸ್ತರ ಕೇರಿ ಲಾ ಪ್ವಾಂತ್ ಕೂರ್ತ್. ಅದನ್ನು ಮತ್ತೆ ನೋಡಲಾಗದಷ್ಟು ಕಾಯಿಲೆಯಾಗಿದ್ದ ಒಬ್ಬ ಗೆಳೆಯನಿಗೆ ತೋರಿಸಲೆಂದು ಅಲ್ಲಿನ ಒಂದಷ್ಟು ದೃಶ್ಯ ಹಿಡಿಯಲು ಹೋದಳು. ಅದೇ ಬೆಳೆದು ಪೂರ್ಣ ಚಿತ್ರವಾಯಿತು. 1954ರಲ್ಲಿ ಚಿತ್ರೀಕರಣ ನಡೆದಾಗ ಆಕೆಗೆ ಇಪ್ಪತ್ತಾರು ವರ್ಷ. ಯಾವ ನಿರ್ದೇಶಕನ ಕೈಕೆಳಗೂ ಕೆಲಸ ಮಾಡಿದವಳಲ್ಲ. ಸಿನಿಮಾ ನೋಡಿದ್ದೂ ಬೆರಳೆಣಿಕೆಯಷ್ಟು. ಎರಡು ಕಥೆಗಳನ್ನು ಬಿಟ್ಟು ಬಿಟ್ಟು ಹೇಳುವ ಕಟ್ಟನ್ನು ಆಕೆ ಕಲಿತದ್ದು ಸಿನಿಮಾದಿಂದಲ್ಲ, ಅಮೆರಿಕದ ವಿಲಿಯಂ ಫಾಕ್ನರ್‌ನ ಒಂದು ಕಾದಂಬರಿಯಿಂದ. ಒಂದು ಕಡೆ ಬೆಸ್ತರ ಸಂಸಾರಗಳು, ಅವರ ಬಲೆ, ಅವರ ಬಟ್ಟೆ ಒಣಗಿಸುವ ಹಗ್ಗಗಳು. ಇನ್ನೊಂದು ಕಡೆ ಬೇರೆಯಾಗುವುದೋ ಕೂಡಿರುವುದೋ ಎಂದು ಮಾತಾಡುತ್ತ ನಡೆಯುವ ಗಂಡಹೆಂಡತಿ. ಬೆಸ್ತರ ಪಾತ್ರಗಳನ್ನು ಮಾಡಿದ್ದು ಆ ಕೇರಿಯವರೇ.

ಹಣ? ಯಾವ ನಿರ್ಮಾಪಕನೂ ಇರಲಿಲ್ಲ. ತಾನೇ ತಮಾರಿಸ್ ಫಿಲ್ಮ್ಸ್ ಎಂಬ ಪುಟ್ಟ ಕಂಪನಿ ಮಾಡಿಕೊಂಡಳು. ನಟರೂ ತಂತ್ರಜ್ಞರೂ ಸಂಬಳ ಕೇಳದೆ ಪಾಲುದಾರರಾದರು, ನಮ್ಮ ಕಡೆ ಹಾಲಿನ ಸೊಸೈಟಿ ಕಟ್ಟಿಕೊಳ್ಳುವ ಹಾಗೆ. ಸಂಕಲನ ಮಾಡಿಕೊಟ್ಟವನು ಅಲೆನ್ ರೆನೇ. ಆತ ಮುಂದೆ ಜಗತ್ಪ್ರಸಿದ್ಧ ನಿರ್ದೇಶಕನಾದ. ಸಿನಿಮಾದ ಇತಿಹಾಸವೆಂಬುದೊಂದಿದೆ, ಹಳೆಯ ಚಿತ್ರಗಳನ್ನು ಹೋಗಿ ನೋಡು ಎಂದು ಆಕೆಗೆ ಹೇಳಿಕೊಟ್ಟವನೂ ಅವನೇ.

ಇತಿಹಾಸದ ವಿಷಯಕ್ಕೆ ಬಂದೆನಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ಫ್ರೆಂಚ್ ಸಿನಿಮಾದ ‘ಹೊಸ ಅಲೆ’ ಎಂದರೆ ಎಲ್ಲರೂ ಹೇಳುವುದು ತ್ರೂಫೋ, ಗೊದಾರ್ ಹೆಸರುಗಳನ್ನು. ತ್ರೂಫೋನ ಮೊದಲ ದೊಡ್ಡ ಚಿತ್ರ ಬಂದದ್ದು 1959ರಲ್ಲಿ, ಗೊದಾರ್‌ನದು 1960ರಲ್ಲಿ. ಸ್ಟುಡಿಯೋ ಬಿಟ್ಟು ಬೀದಿಗೆ ಬರುವುದು, ಕಡಿಮೆ ಹಣದಲ್ಲಿ ತನ್ನದೇ ಮಾತು ಹೇಳುವುದು, ಇದನ್ನೆಲ್ಲ ಈ ಹುಡುಗಿ ಐದು ವರ್ಷ ಮೊದಲೇ ಮಾಡಿದ್ದಳು. ಆದರೂ ಎಷ್ಟೋ ಕಾಲ ಆಕೆಯ ಹೆಸರು ಪಟ್ಟಿಯ ಕೊನೆಯಲ್ಲಿ ಬರುತ್ತಿತ್ತು. ಗೌರವ ಕೊಡಲು ಹೊರಟಾಗ ‘ಹೊಸ ಅಲೆಯ ಅಜ್ಜಿ’ ಎಂದರು. ಆಗ ಆಕೆಗೆ ಮೂವತ್ತರ ಆಸುಪಾಸು! ಮುಂದೆ ಹೋದ ಗಂಡಸು ಹರಿಕಾರನಾಗುತ್ತಾನೆ, ಮುಂದೆ ಹೋದ ಹೆಂಗಸು ಅಜ್ಜಿಯಾಗುತ್ತಾಳೆ. ಆಕೆ ನಕ್ಕು ಆ ಹೆಸರನ್ನೂ ಇಟ್ಟುಕೊಂಡಳು.

1958ರಲ್ಲಿ ಆಕೆ ಗರ್ಭಿಣಿ. ಪ್ಯಾರಿಸ್ಸಿನ ಮುಫ್ತಾರ್ ಬೀದಿಯ ಸಂತೆಗೆ ಮಡಚುವ ಕುರ್ಚಿ ಹೊತ್ತುಕೊಂಡು ಹೋಗಿ ಕೂತು, ಅಲ್ಲಿನ ಮುದುಕರನ್ನು, ಕುಡುಕರನ್ನು, ತರಕಾರಿ ರಾಶಿಗಳನ್ನು ಚಿತ್ರಿಸಿದಳು. ಬಸುರಿಯ ಕಣ್ಣಿಗೆ ಕಂಡ ಸಂತೆ ಅದು. ಅಲ್ಲಿ ಒಡೆದ ಕುಂಬಳಕಾಯಿಯೂ ಹೆದರಿಕೆ ಹುಟ್ಟಿಸುತ್ತದೆ. ಈ ಮುದುಕರೆಲ್ಲ ಒಂದು ಕಾಲಕ್ಕೆ ಹಸುಗೂಸುಗಳಾಗಿದ್ದವರಲ್ಲವೇ ಎಂಬ ಯೋಚನೆ ಬರುತ್ತದೆ. ಬಸುರಿಯಾದಾಗ ನಮ್ಮೊಳಗೆ ಓಡುವ ಈ ಭಯ, ಬಯಕೆಗಳು ಒಂದು ಸಿನಿಮಾಕ್ಕೆ ವಸ್ತುವಾಗಬಹುದೆಂದು ಅದುವರೆಗೆ ಯಾರಿಗೆ ಹೊಳೆದಿತ್ತು? ಹುಟ್ಟಿದವಳು ಮಗಳು ರೊಸಾಲಿ.

1962ರಲ್ಲಿ ಬಂತು ‘ಕ್ಲಿಯೋ, ಐದರಿಂದ ಏಳು’. ಒಬ್ಬ ಹಾಡುಗಾತಿ, ತನಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದಾಳೆ. ಅವಳ ಒಂದೂವರೆ ಗಂಟೆಯೇ ಚಿತ್ರದ ಒಂದೂವರೆ ಗಂಟೆ. ಮೊದಲರ್ಧದಲ್ಲಿ ಎಲ್ಲರೂ ಅವಳನ್ನು ನೋಡುತ್ತಾರೆ. ಅವಳೂ ಕಂಡ ಕಂಡ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾಳೆ. ಆಮೇಲೆ ಕೂದಲಿನ ಟೋಪನ್ ಕಿತ್ತುಹಾಕಿ ಬೀದಿಗಿಳಿದಾಗ ನೋಡುವವಳು ಅವಳಾಗುತ್ತಾಳೆ. ಉದ್ಯಾನದಲ್ಲಿ ಸಿಕ್ಕ ಸೈನಿಕ ಅಲ್ಜೀರಿಯಾ ಯುದ್ಧಕ್ಕೆ ವಾಪಸು ಹೊರಟವನು. ಸಾವಿಗೆ ಹೆದರಿದ ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಾರೆ. ಇಂಥ ಫಲಿತಾಂಶದ ಕಾಗದಕ್ಕೆ ಆಸ್ಪತ್ರೆಯ ಬೆಂಚಿನ ಮೇಲೆ ಕಾದ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆ ಹೊತ್ತು ಎಷ್ಟು ಉದ್ದ ಎಂಬುದು ಕಾದವರಿಗೇ ಗೊತ್ತು.

ಅದೇ ವರ್ಷ ಆಕೆ ನಿರ್ದೇಶಕ ಜಾಕ್ ದೆಮಿಯನ್ನು ಮದುವೆಯಾದಳು. ಗಂಡನಿಗೆ ಅಮೆರಿಕದ ಸ್ಟುಡಿಯೋದಿಂದ ಕರೆ ಬಂದಾಗ ಜೊತೆಗೆ ಹೋದಳು. ಆದರೆ ಸುಮ್ಮನೆ ಕೂರಲಿಲ್ಲ. 1968ರಲ್ಲಿ ಕಪ್ಪುಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರನ್ನು ಕುರಿತು ಸಾಕ್ಷ್ಯಚಿತ್ರ ಮಾಡಿದಳು. ಹಿಂದಿರುಗಿದ ಮೇಲೆ 1971ರಲ್ಲಿ ಫ್ರಾನ್ಸಿನ 343 ಮಂದಿ ಹೆಂಗಸರು ‘ನಾವು ಗರ್ಭಪಾತ ಮಾಡಿಸಿಕೊಂಡಿದ್ದೇವೆ’ ಎಂದು ಬಹಿರಂಗವಾಗಿ ಸಹಿ ಹಾಕಿ ಪತ್ರಿಕೆಯಲ್ಲಿ ಪ್ರಕಟಿಸಿದರಲ್ಲ, ಅದರಲ್ಲಿ ಆಕೆಯ ಸಹಿಯೂ ಇತ್ತು. ಅಲ್ಲಿ ಆಗ ಅದು ಶಿಕ್ಷಾರ್ಹ ಅಪರಾಧ. ಕಾನೂನು ಬದಲಾದದ್ದು 1975ರಲ್ಲಿ. ನಮ್ಮ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಒಪ್ಪಿದ್ದು ಅದೇ 1971ರಲ್ಲಿ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

1972ರಲ್ಲಿ ಮಗ ಮಾತ್ಯೂ ಹುಟ್ಟಿದ. ಆಕೆಗೆ ನಲವತ್ನಾಲ್ಕು. ಎಳೆಗೂಸನ್ನು ಬಿಟ್ಟು ದೂರದ ಚಿತ್ರೀಕರಣಕ್ಕೆ ಹೋಗುವಂತಿಲ್ಲ. ಕೈಕಟ್ಟಿದ ಹಾಗಾಯಿತು. ಆಕೆಗೆ ಸಿಟ್ಟು ಬಂತು, ಮನಸ್ಸು ಕುದಿಯಿತು. ಇದನ್ನು ಆಕೆ ಮುಚ್ಚಿಡಲಿಲ್ಲ. ತಾಯ್ತನ ಸಂತೋಷವೇ ಹೌದು, ಆದರೆ ಕೆಲಸ ಮಾಡುವ ಹೆಂಗಸಿಗೆ ಅದು ಕಟ್ಟೂ ಹೌದು ಎಂದು ಎರಡನ್ನೂ ಒಟ್ಟಿಗೆ ಹೇಳಿದಳು. ಆಗ ಜರ್ಮನಿಯ ಟೆಲಿವಿಷನ್ನಿನವರು ಒಂದು ಚಿತ್ರ ಮಾಡಿಕೊಡಲು ಕೇಳಿದರು. ಹಾಗೆ ಹುಟ್ಟಿದ್ದು ನಾನು ಆ ರಾತ್ರಿ ನೋಡಿದ ‘ದಗೇರೊಟೈಪ್ಸ್’, 1975ರಲ್ಲಿ. ತಂತಿಯ ಉದ್ದ ಸುಮಾರು 80 ಮೀಟರ್. ಅದನ್ನು ಆಕೆ ಹೊಕ್ಕುಳಬಳ್ಳಿಗೆ ಹೋಲಿಸುತ್ತಿದ್ದಳು. ಅದರಾಚೆ ಕಾಲಿಡುವುದಿಲ್ಲ, ಬೇಕಾದದ್ದೆಲ್ಲ ಅಷ್ಟರಲ್ಲೇ ಸಿಗಬೇಕು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು.

ಅಷ್ಟರಲ್ಲಿ ಏನೆಲ್ಲ ಸಿಕ್ಕಿತು! ಒಂದು ಸೆಂಟಿನ ಅಂಗಡಿ. ಗಾಜಿನ ಬೀರುಗಳಲ್ಲಿ ಎಷ್ಟೋ ವರ್ಷದ ಹಳೆಯ ಸಾಮಾನು. ನಡೆಸುವವರು ವಯಸ್ಸಾದ ಗಂಡಹೆಂಡತಿ. ಹೆಂಡತಿಗೆ ಮರೆವಿನ ಕಾಯಿಲೆ. ಮಾತು ಕಮ್ಮಿ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ತಾಯಿಗೆ ಎಲ್ಲಿಗೋ ಹೊರಟುಬಿಡಬೇಕು ಅನ್ನಿಸುತ್ತದೆ. ಬಾಗಿಲ ತನಕ ಬರುತ್ತಾಳೆ, ಹಿಡಿಕೆಯ ಮೇಲೆ ಕೈಯಿಡುತ್ತಾಳೆ, ಹೊರಗೆ ನೋಡುತ್ತಾಳೆ, ವಾಪಸು ಹೋಗುತ್ತಾಳೆ. ಇದನ್ನು ನೋಡುವಾಗ ನನ್ನ ಅತ್ತೆಯ ಕೊನೆಯ ದಿನಗಳು ಕಣ್ಣಮುಂದೆ ಬಂದವು. ಅವರಿಗೂ ಸಂಜೆ ಆಯಿತೆಂದರೆ “ಮನೆಗೆ ಹೋಗ್ಬೇಕು” ಎಂಬ ಒಂದೇ ಹಟ. ಐವತ್ತು ವರ್ಷ ಬಾಳಿದ ಮನೆಯಲ್ಲಿ ಕೂತೇ! ಆ ಐದು ವರ್ಷ ಅವರ ಜೊತೆ ಒಂದೇ ಸೂರಿನಡಿ ಇದ್ದೆ. ಅವರ ಮುಖದಲ್ಲಿ ಆಗ ಮೂಡುತ್ತಿದ್ದ ಆ ದೂರದ ನೋಟವನ್ನು ನಾನೊಂದು ಚಿತ್ರವಾಗಿ ಹಿಡಿದಿಡಲಿಲ್ಲ. ಕ್ಯಾಮೆರಾ ಟ್ರಂಕಿನಲ್ಲಿತ್ತು. ಟ್ರಂಕು ಅವರ ಮಂಚದ ಕೆಳಗೇ ಇತ್ತು.

ಮಗಳ ಪ್ರಶ್ನೆ ನನ್ನನ್ನು ಚುಚ್ಚಿದ್ದು ಇಲ್ಲಿ. ನಾನು ಮೂವತ್ತು ವರ್ಷ ಕಾದದ್ದು ಮನೆಯಿಂದ ಹೊರಗೆ ಹೋಗುವ ಕಾಲ ಬರಲೆಂದು. ಒಳಗೇ ಇದ್ದದ್ದನ್ನು ನೋಡಲಿಲ್ಲ.

ಹಾಗೆಂದು ನನ್ನನ್ನೇ ಹಳಿದುಕೊಳ್ಳುವುದೂ ಸರಿಯಲ್ಲ ಅನ್ನಿಸುತ್ತದೆ. ವಾರ್ದಾಳಿಗೆ ತನ್ನದೆಂಬ ಮನೆಯಿತ್ತು, ತನ್ನದೆಂಬ ಕಂಪನಿಯಿತ್ತು. ಅದೇ ಕೆಲಸದ ಗಂಡ, ಹೆಸರು ಆಗಲೇ ಊರಿಗೆಲ್ಲ ಗೊತ್ತು. ತಂತಿ ಎಳೆಯಲು ಮೊದಲು ಕರೆಂಟಿನ ಪೆಟ್ಟಿಗೆಯಾದರೂ ನಮ್ಮದಾಗಿರಬೇಕಲ್ಲ! ಎಷ್ಟು ಮನೆಗಳಲ್ಲಿ ಹೆಂಗಸಿಗೆ ಒಂದು ರೋಲ್ ಫಿಲ್ಮಿಗೆ ಕೈಚಾಚದೆ ಕಾಸು ಸಿಗುತ್ತಿತ್ತು? ನಮ್ಮ ಕನ್ನಡದಲ್ಲೇ ನೋಡಿ. ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ತೆರೆಗೆ ತಂದದ್ದು 1983ರಲ್ಲಿ. ಕನ್ನಡದ ಮೊದಲ ಮಾತಿನ ಚಿತ್ರ ಬಂದದ್ದು 1934ರಲ್ಲಿ. ನಡುವಿನ ವರ್ಷಗಳಲ್ಲಿ ಕಥೆ ಹೇಳಬಲ್ಲ ಹೆಂಗಸರು ಇರಲಿಲ್ಲವೇ? ಇದ್ದರು, ಕಾದಂಬರಿ ಬರೆದರು. ಅದಕ್ಕೆ ಪೆನ್ನು, ಕಾಗದ ಸಾಕಿತ್ತು. ಸಿನಿಮಾಕ್ಕೆ ಹಣ ಬೇಕು, ಹೇಳಿದ್ದನ್ನು ಕೇಳುವ ಜನ ಬೇಕು.

ಹಣದ ಕಷ್ಟ ವಾರ್ದಾಳನ್ನೂ ಬಿಡಲಿಲ್ಲ. ಸ್ವತಂತ್ರ ನಿರ್ದೇಶಕಿ ಎಂದರೆ ಕೇಳಲು ಚೆನ್ನ. ಅದರ ಅರ್ಥ, ತಾನೇ ಬರೆಯಬೇಕು, ತಾನೇ ಹಣ ಹುಡುಕಬೇಕು, ಕೊನೆಗೆ ತಾನೇ ಮಾರಬೇಕು. ಸಿನೆ-ತಮಾರಿಸ್ ಎಂದಾದ ಆಕೆಯ ಕಂಪನಿ ಒಂದು ಕುಟುಂಬದ ಅಂಗಡಿಯ ಹಾಗೆಯೇ ನಡೆಯಿತು. ಕೆಲವು ಚಿತ್ರಗಳು ಕಾಗದದಲ್ಲೇ ಉಳಿದವು. ಉದ್ದ ಚಿತ್ರಕ್ಕೆ ಹಣವಿಲ್ಲದಾಗ ಕಿರುಚಿತ್ರ ಮಾಡಿದಳು. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಬಂತು. ಅದಕ್ಕೇ ಆಕೆಯ ಕಥಾಚಿತ್ರಗಳಲ್ಲಿ ಸಾಕ್ಷ್ಯಚಿತ್ರದ ವಾಸನೆ, ಸಾಕ್ಷ್ಯಚಿತ್ರಗಳಲ್ಲಿ ಕಥೆಯ ರುಚಿ.

1985ರ ಚಿತ್ರವೊಂದನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಹೆಸರು ‘ಸೂರಿಲ್ಲ, ಕಾನೂನಿಲ್ಲ’ ಎಂಬರ್ಥದ್ದು. ದಕ್ಷಿಣ ಫ್ರಾನ್ಸಿನ ದ್ರಾಕ್ಷಿತೋಟದ ಪಕ್ಕದ ಗುಂಡಿಯಲ್ಲಿ ಚಳಿಗೆ ಸೆಟೆದು ಸತ್ತ ಒಬ್ಬ ಹುಡುಗಿಯ ಹೆಣ ಸಿಗುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಿ, ದಾರಿಯಲ್ಲಿ ಅವಳನ್ನು ಕಂಡವರೆಲ್ಲ ಅವಳ ಬಗ್ಗೆ ಒಂದೊಂದು ಮಾತು ಹೇಳುತ್ತಾರೆ. ಮೊನಾ ಎಂಬ ಆ ಹುಡುಗಿ ಕೊಳಕಿ, ಒರಟಿ. ಉಪಕಾರ ಮಾಡಿದವರಿಗೆ ಒಂದು ಒಳ್ಳೆ ಮಾತಿಲ್ಲ. ಪಾಪ ಅನ್ನಿಸುವಂಥ ಒಂದು ಗುಣವನ್ನೂ ನಿರ್ದೇಶಕಿ ಅವಳಿಗೆ ಕೊಟ್ಟಿಲ್ಲ. ಆದರೂ ಆ ಚಳಿಯಲ್ಲಿ ಅವಳನ್ನು ಒಳಗೆ ಕರೆಯಬೇಕಾಗಿತ್ತಲ್ಲ ಎಂದು ನೋಡಿದವರ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಹೆಂಗಸಾದರೆ ಮಾತ್ರ ಕನಿಕರ ಎಂಬ ನಮ್ಮ ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ. ಈ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ‘ಚಿನ್ನದ ಸಿಂಹ’ ಬಂತು.

ಕೊನೆಗಾಲದಲ್ಲಿ ಜಾಕ್ ದೆಮಿ ತನ್ನ ಬಾಲ್ಯದ ನೆನಪುಗಳನ್ನು ಬರೆಯತೊಡಗಿದ್ದ. ಆಕೆ ಅದನ್ನೇ ಚಿತ್ರ ಮಾಡಲು ಕೂತಳು. ಚಿತ್ರೀಕರಣದ ಸ್ಥಳಕ್ಕೆ ಆತ ಬರುತ್ತಿದ್ದ. ನಡುನಡುವೆ ಆಕೆ ಕ್ಯಾಮೆರಾವನ್ನು ಗಂಡನ ಹತ್ತಿರಕ್ಕೆ, ತೀರ ಹತ್ತಿರಕ್ಕೆ ಒಯ್ದು ಅವನ ಕೂದಲು, ಚರ್ಮ, ಕೈಗಳನ್ನು ಹಿಡಿದಳು. 1990ರ ಅಕ್ಟೋಬರಿನಲ್ಲಿ ಆತ ತೀರಿಕೊಂಡ. ಮರುವರ್ಷ ಚಿತ್ರ ಹೊರಬಂತು. ಆತನನ್ನು ಕೊಂದದ್ದು ಏಡ್ಸ್ ಎಂಬುದನ್ನು ಆಕೆ ಹೇಳಿದ್ದು ಹದಿನೆಂಟು ವರ್ಷಗಳ ನಂತರ, 2008ರ ತನ್ನ ಆತ್ಮಕಥೆಯಂಥ ಚಿತ್ರ ‘ಆನ್ಯೆಸ್‌ಳ ಕಡಲತೀರಗಳು’ ಎಂಬುದರಲ್ಲಿ.

ಇನ್ನು ನನ್ನ ಮನಸ್ಸಿಗೆ ತೀರ ಹತ್ತಿರವಾದ ಚಿತ್ರದ ಬಗ್ಗೆ ಹೇಳಿಬಿಡುತ್ತೇನೆ. 2000ದಲ್ಲಿ ಬಂದದ್ದು. ಫ್ರೆಂಚ್ ಹೆಸರನ್ನು ಇಂಗ್ಲಿಷಿಗೆ ತರಲು ಅವರು ಏನು ಪಾಡುಪಟ್ಟರೋ, ನಮಗೆ ಮಾತ್ರ ಹೇಳಿಮಾಡಿಸಿದ ಪದವೇ ಇದೆ: ಹಕ್ಕಲು. ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿ ಉಳಿದ ತೆನೆ. ಅದನ್ನು ಆಯುವುದೇ ಹಕ್ಕಲಾಯುವುದು. ಚಿತ್ರ ಶುರುವಾಗುವುದು ಮಿಲೆ ಎಂಬ ಕಲಾವಿದ 1857ರಲ್ಲಿ ಬರೆದ ವರ್ಣಚಿತ್ರದಿಂದ: ಮೂವರು ಹೆಂಗಸರು ಬಗ್ಗಿ ಹಕ್ಕಲಾಯುತ್ತಿದ್ದಾರೆ. ಈಗ ಯಾರು ಹಾಗೆ ಆಯುತ್ತಾರೆ ಎಂದು ಹುಡುಕುತ್ತ ಎಪ್ಪತ್ತು ದಾಟಿದ ವಾರ್ದಾ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಿಜಿಟಲ್ ಕ್ಯಾಮೆರಾದೊಡನೆ ಫ್ರಾನ್ಸ್ ಸುತ್ತುತ್ತಾಳೆ. ಆಲೂಗಡ್ಡೆ ಹೊಲದಲ್ಲಿ ಯಂತ್ರ ಬಿಟ್ಟುಹೋದದ್ದನ್ನು ಆಯುವ ಬಡವರು, ಸಂತೆ ಮುಗಿದ ಮೇಲೆ ತರಕಾರಿ ಹೆಕ್ಕುವವರು, ಕಸದ ತೊಟ್ಟಿಯಿಂದಲೇ ಊಟ ಮಾಡುವವರು. ಕೊಯ್ಲಾದ ಮೇಲೆ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಬಡವರು ಆಯಬಹುದು ಎಂಬ ರಾಜಾಜ್ಞೆ ಅಲ್ಲಿ 1554ರಷ್ಟು ಹಳೆಯದಂತೆ. ಅಂಗಡಿಗೆ ಬೇಕಾದ ಆಕಾರವಿಲ್ಲವೆಂದು ರಾಶಿ ರಾಶಿ ಸುರಿದ ಆಲೂಗಡ್ಡೆಯಲ್ಲಿ ಆಕೆಗೆ ಹೃದಯದ ಆಕಾರದ ಗಡ್ಡೆಗಳು ಸಿಗುತ್ತವೆ. ಮನೆಗೆ ತಂದು ಇಡುತ್ತಾಳೆ. ಅವು ಸುಕ್ಕುಗಟ್ಟಿ ಮೊಳೆಯುವುದನ್ನೂ ಚಿತ್ರಿಸುತ್ತಾಳೆ.

ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ತನ್ನ ಇನ್ನೊಂದು ಕೈಯನ್ನೇ ತೋರಿಸುತ್ತಾಳೆ. ಸುಕ್ಕು, ಕಲೆ, ಉಬ್ಬಿದ ನರ. ಬಣ್ಣ ಬಿಟ್ಟ ಬೈತಲೆಯ ಬಿಳಿಗೂದಲು. ಕ್ಯಾಮೆರಾ ನಿಲ್ಲಿಸಲು ಮರೆತು ನಡೆದಾಗ ಲೆನ್ಸಿನ ಮುಚ್ಚಳ ತಾನಾಗಿ ಕುಣಿದದ್ದನ್ನೂ ಬಿಸಾಡದೆ ಚಿತ್ರದಲ್ಲಿ ಸೇರಿಸುತ್ತಾಳೆ. ಅದೂ ಹಕ್ಕಲೇ ತಾನೇ! ಎಪ್ಪತ್ತರ ವಯಸ್ಸಿಗೆ ಹೊಸ ಯಂತ್ರವೊಂದನ್ನು ಕಂಡು, ಇದರಿಂದ ಒಬ್ಬಳೇ ಚಿತ್ರ ಮಾಡಬಹುದಲ್ಲ ಎಂದು ಹುಡುಗಿಯಂತೆ ಹಿಗ್ಗಿದವಳು.

ನನ್ನ ಅಜ್ಜಿ ಹಕ್ಕಲಾಯ್ದವಳು. ತಾತ ಸತ್ತ ಮೇಲೆ ಎರಡು ವರ್ಷ ಬೇರೆಯವರ ರಾಗಿ ಹೊಲಗಳಲ್ಲಿ ತೆನೆ ಆಯ್ದು ಮಕ್ಕಳನ್ನು ಸಾಕಿದಳು ಎಂದು ಅಮ್ಮ ಗುಟ್ಟಿನಲ್ಲಿ ಹೇಳಿದ್ದರು. ನಮ್ಮ ಮನೆಯಲ್ಲಿ ಅದು ಅವಮಾನದ ಕಥೆ. ಅಪ್ಪ ಊರಿನ ಅರ್ಧ ಜನರ ಮುಖ ಫೋಟೋ ಹಿಡಿದವರು. ಅತ್ತೆಯ, ಅಂದರೆ ಅಜ್ಜಿಯ ಫೋಟೋ ಮಾತ್ರ ಒಂದೇ: ರೇಷ್ಮೆ ಸೀರೆ ಉಡಿಸಿ, ಪರದೆಯ ಮುಂದೆ ಕೂರಿಸಿದ್ದು. ಕೈಗಳು ಸೆರಗಿನೊಳಗೆ. ಈ ಚಿತ್ರ ನೋಡಿದ ಮೇಲೆ ನನಗೆ ಆ ಕೈಗಳನ್ನು ನೋಡಬೇಕೆನಿಸಿ ಸಂಕಟವಾಯಿತು.

ಪ್ರಶಸ್ತಿಗಳ ಮಳೆ ಸುರಿದದ್ದು ಎಂಬತ್ತು ದಾಟಿದ ಮೇಲೆ. 2015ರಲ್ಲಿ ಕಾನ್ ಚಿತ್ರೋತ್ಸವದ ಗೌರವ ಪ್ರಶಸ್ತಿ, 2017ರಲ್ಲಿ ಗೌರವ ಆಸ್ಕರ್. ಅದನ್ನು ಪಡೆದ ಮೊದಲ ನಿರ್ದೇಶಕಿ ಆಕೆ. ಅದೇ ವರ್ಷ ತನಗಿಂತ ಐವತ್ತೈದು ವರ್ಷ ಕಿರಿಯನಾದ ಜೆ.ಆರ್. ಎಂಬ ಕಲಾವಿದನ ಜೊತೆ ಹಳ್ಳಿಹಳ್ಳಿ ತಿರುಗಿ, ಜನರ ಮುಖಗಳನ್ನು ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಿ ಅಂಟಿಸಿದ ‘ಮುಖಗಳು, ಊರುಗಳು’ ಹೊರಬಂತು. ಕಣ್ಣು ಮಂಜಾಗುತ್ತಿತ್ತು, ಕಣ್ಣಿಗೆ ಚುಚ್ಚುಮದ್ದು ಹಾಕಿಸಿಕೊಳ್ಳುವುದನ್ನೂ ಅದರಲ್ಲಿ ತೋರಿಸಿದಳು. 2018ರಲ್ಲಿ ಕಾನ್‌ನ ಮೆಟ್ಟಿಲುಗಳ ಮೇಲೆ 82 ಮಂದಿ ಹೆಂಗಸರು ಸಾಲಾಗಿ ನಿಂತರು. 1946ರಿಂದ ಅಲ್ಲಿ ಸ್ಪರ್ಧೆಗೆ ಬಂದ ನಿರ್ದೇಶಕಿಯರ ಸಂಖ್ಯೆ ಅಷ್ಟೇ ಎಂದು ಜಗತ್ತಿಗೆ ತೋರಿಸಲು. ಅವರ ಮುಂದೆ ನಿಂತು ಮಾತಾಡಿದವರಲ್ಲಿ ತೊಂಬತ್ತರ ಹೊಸ್ತಿಲಿನ ಈ ಅಜ್ಜಿಯೂ ಒಬ್ಬಳು. 2019ರ ಮಾರ್ಚ್ 29ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಅದಕ್ಕೆ ಒಂದೂವರೆ ತಿಂಗಳು ಮೊದಲಷ್ಟೇ ಬರ್ಲಿನ್ ಚಿತ್ರೋತ್ಸವದಲ್ಲಿ ತನ್ನ ಕೊನೆಯ ಚಿತ್ರ ತೋರಿಸಿ ಬಂದಿದ್ದಳು.

ಮಗಳು ಬೆಂಗಳೂರಿಗೆ ವಾಪಸು ಹೊರಡುವ ಹಿಂದಿನ ರಾತ್ರಿ ನಾನೇ ಮಾತು ತೆಗೆದೆ. ಅವಳು ಕೆಲಸ ಬಿಡುವ ಯೋಚನೆಯಲ್ಲಿದ್ದಳು. “ಮಗು ಸ್ವಲ್ಪ ದೊಡ್ಡದಾಗಲಿ ಅಂತ” ಎಂದಳು. ನನ್ನದೇ ಮಾತು, ನನ್ನದೇ ದನಿ! ಎದೆ ಧಸಕ್ಕೆಂದಿತು. ಬಿಡಬೇಡ ಎನ್ನಲು ನಾನು ಯಾರು? ಅವಳ ನಿದ್ದೆಗೆಟ್ಟ ಕಣ್ಣುಗಳನ್ನು ಮೂರು ತಿಂಗಳಿಂದ ನೋಡಿದವಳು. ಅಂದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳಿದೆ: “ನೀನು ಹುಟ್ಟಿದೆ ಅಂತ ನಿಲ್ಲಿಸಲಿಲ್ಲ ಕಣೇ. ಅದು ನಾನು ಹೇಳಿಕೊಂಡು ಬಂದ ನೆಪ. ದೂರ ಹೋಗೋಕೆ ಆಗದೆ ಇದ್ದರೆ ಮಾಡೋದೇ ಬೇಡ ಅಂದುಕೊಂಡಿದ್ದೆ. ತಂತಿ ಎಷ್ಟು ಉದ್ದ ಇದೆ ಅಂತ ಅಳೆದೇ ನೋಡಲಿಲ್ಲ.” ಅವಳು ಏನೂ ಅನ್ನಲಿಲ್ಲ. ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಏನು ನಿರ್ಧಾರ ಮಾಡುತ್ತಾಳೋ ಅವಳಿಗೆ ಬಿಟ್ಟದ್ದು.

ಬೆಳಿಗ್ಗೆ ಕಾರು ಬರುವ ಮೊದಲು ಅವಳ ಫೋನು ಇಸಿದುಕೊಂಡೆ. ಹಂಡೆಯ ಪಕ್ಕ ಕೂತು ಮಗುವಿಗೆ ಕೊನೆಯ ಎಣ್ಣೆನೀರು ಹಾಕುತ್ತಿದ್ದವಳು ನಮ್ಮ ಮನೆಗೆ ವರ್ಷಗಳಿಂದ ಬರುವ ಎಣ್ಣೆನೀರಿನ ಅಜ್ಜಿ. “ಅಯ್ಯೋ, ನನ್ನ ಮುಖ ಯಾಕವ್ವಾ?” ಎಂದು ಸೆರಗು ಎಳೆದುಕೊಂಡಳು. “ಮುಖ ಬೇಡ ಬಿಡಜ್ಜಿ, ಕೈ ತೋರಿಸು” ಎಂದೆ.